ಗಂಧಕಾಮ್ಲದ ಟ್ಯಾಂಕರ್ ಗೇಟು ದಾಟುವ ಮುನ್ನ

ಹೆದ್ದಾರಿಯಲ್ಲಿ ಇಂಥ ಟ್ಯಾಂಕರ್ ನೋಡಿರುತ್ತೀರಿ. ಲಾರಿ ದೊಡ್ಡದು, ಮೇಲಿರುವ ಟ್ಯಾಂಕು ಮಾತ್ರ ಗಿಡ್ಡ. ಹಾಲಿನ ಟ್ಯಾಂಕರಿನ ಪಕ್ಕ ನಿಂತರೆ ಮರಿ ಹಾಗೆ ಕಾಣುತ್ತದೆ. ಒಳಗೆ ಗಂಧಕಾಮ್ಲ, ಅಂದರೆ ಸಲ್ಫ್ಯೂರಿಕ್ ಆಸಿಡ್ ಇದ್ದರೆ ಅದು ಗಿಡ್ಡ ಇರಲೇಬೇಕು. ಒಂದು ಲೀಟರ್ ನೀರು ಒಂದು ಕಿಲೋ ತೂಗಿದರೆ, ಒಂದು ಲೀಟರ್ ಆಸಿಡ್ 1.84 ಕಿಲೋ ತೂಗುತ್ತದೆ. 10,000 ಲೀಟರ್ ತುಂಬಿದರೆ 18 ಟನ್ ದಾಟಿತು.

ಈ ಆಸಿಡ್ ಇಲ್ಲದೆ ನಮ್ಮ ದಿನ ಸಾಗುವುದಿಲ್ಲ. ಹೊಲಕ್ಕೆ ಹಾಕುವ ರಂಜಕದ ಗೊಬ್ಬರ, ಬೈಕಿನ ಬ್ಯಾಟರಿ, ಕುಡಿಯುವ ನೀರು ತಿಳಿಯಾಗಿಸುವ ಆಲಂ, ಎಲ್ಲದರ ಹಿಂದೆಯೂ ಇದೇ ಇದೆ. ನಾನು ಕೆಲವು ವರ್ಷ ಒಂದು ಕಾರ್ಖಾನೆಯ ಡಿಸ್ಪ್ಯಾಚ್ ಯಾರ್ಡಿನಲ್ಲಿ ಇದನ್ನು ತುಂಬಿಸಿ ಕಳಿಸುವ ಕೆಲಸ ಮಾಡಿದವನು. ಅಲ್ಲಿ ಮೊದಲ ದಿನ ಕಲಿತದ್ದು ಒಂದೇ ಮಾತು: ಆಸಿಡ್ ಹತ್ತಿರ ನೀರು ಬರಬಾರದು. ಮುಂದಿನ ಎಲ್ಲ ಹಂತಗಳೂ ಆ ಮಾತಿನ ಸುತ್ತಲೇ ಇವೆ.

ತಯಾರಿ

ಕಚ್ಚಾ ಮಾಲು ಹಳದಿ ಗಂಧಕ. ಮಂಗಳೂರಿನಲ್ಲಿರುವಂಥ ರಿಫೈನರಿಗಳು ಕಚ್ಚಾ ತೈಲದಿಂದ ಇದನ್ನು ಬೇರೆ ಮಾಡುತ್ತವೆ. ಇದನ್ನು ಕರಗಿಸಿ 130ರಿಂದ 140 ಡಿಗ್ರಿಯಲ್ಲಿ ಇಡುತ್ತಾರೆ. ಇನ್ನೂ ಕಾಯಿಸಿದರೆ ಇನ್ನೂ ತೆಳ್ಳಗಾಗಬೇಕು ಅಲ್ವಾ? ಗಂಧಕದ ಸ್ವಭಾವವೇ ಬೇರೆ. 160 ಡಿಗ್ರಿ ದಾಟಿದರೆ ಬೆಲ್ಲದ ಪಾಕ ಏರಿದ ಹಾಗೆ ಗಟ್ಟಿಯಾಗಿ ಪಂಪಿಗೆ ಸಿಗದೆ ಹೋಗುತ್ತದೆ.

ಸೋಸಿದ ಗಂಧಕವನ್ನು ಕುಲುಮೆಯಲ್ಲಿ ಸುಡುತ್ತಾರೆ. ಅದಕ್ಕೆ ಬೇಕಾದ ಗಾಳಿಯನ್ನು ಮೊದಲು ಆಸಿಡ್‌ನಲ್ಲೇ ತೊಳೆದು ಒಣಗಿಸಿರುತ್ತಾರೆ. ಗಾಳಿಯ ತೇವವನ್ನು ಆಸಿಡ್ ಹೀರಿಕೊಳ್ಳುತ್ತದೆ. ಸುಟ್ಟಾಗ ಬರುವ ಸಲ್ಫರ್ ಡೈಆಕ್ಸೈಡ್ ಅನಿಲವನ್ನು 400 ಡಿಗ್ರಿಗಿಂತ ಹೆಚ್ಚಿನ ಬಿಸಿಯಲ್ಲಿ ವೆನೇಡಿಯಂ ಪೆಂಟಾಕ್ಸೈಡ್ ಎಂಬ ವೇಗವರ್ಧಕದ ಮೇಲೆ ಹಾಯಿಸಿದರೆ ಸಲ್ಫರ್ ಟ್ರೈಆಕ್ಸೈಡ್ ಆಗುತ್ತದೆ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ವಿನೆಗರ್ ವ್ಯಾಪಾರ ಮಾಡುತ್ತಿದ್ದ ಪೆರೆಗ್ರಿನ್ ಫಿಲಿಪ್ಸ್ ಎಂಬಾತ 1831ರಲ್ಲೇ ಈ ದಾರಿಗೆ ಪೇಟೆಂಟ್ ಪಡೆದಿದ್ದ. ಆಗ ಈ ಕೆಲಸಕ್ಕೆ ವೆನೇಡಿಯಂ ಬಳಕೆಯಲ್ಲಿ ಇರಲಿಲ್ಲ, ಅವನು ಹೇಳಿದ್ದು ಪ್ಲಾಟಿನಂ.

ಇನ್ನು ಈ ಅನಿಲಕ್ಕೆ ನೀರು ಸೇರಿದರೆ ಆಸಿಡ್ ಆಗಬೇಕು. ಆದರೆ ನೇರವಾಗಿ ನೀರಿಗೆ ಬಿಟ್ಟರೆ ದಟ್ಟವಾದ ಆಸಿಡ್ ಮಂಜು ಎದ್ದು, ಹಿಡಿಯಲು ಸಿಗದೆ ಚಿಮಣಿಯಿಂದ ಊರ ಮೇಲೆ ಹೋಗುತ್ತದೆ. ಹಾಗಾಗಿ ಅದನ್ನು ಶೇ 98ರ ಆಸಿಡ್‌ನಲ್ಲೇ ಹೀರಿಸಿ, ಆಮೇಲೆ ಲೆಕ್ಕ ಹಾಕಿ ನೀರು ಸೇರಿಸಿ ಮತ್ತೆ 98ಕ್ಕೇ ತರುತ್ತಾರೆ. ಇಲ್ಲಿ ಮಾತ್ರ ನೀರಿಗೆ ಜಾಗ, ಅದೂ ಅಳತೆ ಮಾಡಿ.

ಟ್ಯಾಂಕರಿಗೆ ತುಂಬುವುದು

ಆಸಿಡ್ ಕಬ್ಬಿಣವನ್ನು ತಿನ್ನುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಹಾಗಾದರೆ ಸಾಮಾನ್ಯ ಉಕ್ಕಿನ ಟ್ಯಾಂಕಿನಲ್ಲಿ ಹೇಗೆ ಸಾಗಿಸುತ್ತಾರೆ? 98ರ ಆಸಿಡ್ ತಾಗಿದಾಗ ಉಕ್ಕಿನ ಮೇಲೆ ಕಬ್ಬಿಣದ ಸಲ್ಫೇಟ್‌ನ ತೆಳು ಪದರ ಕೂರುತ್ತದೆ. ಆ ಪದರವೇ ಕಾವಲು. ನೀರು ಸೇರಿ ಆಸಿಡ್ ತೆಳುವಾದರೆ ಪದರ ಕರಗುತ್ತದೆ, ಟ್ಯಾಂಕು ಸವೆಯುತ್ತದೆ, ಹೈಡ್ರೋಜನ್ ಅನಿಲ ಏಳುತ್ತದೆ. ಬಲವಾದ ಆಸಿಡ್‌ಗಿಂತ ತೆಳುವಾದದ್ದೇ ಉಕ್ಕಿಗೆ ಜಾಸ್ತಿ ಅಪಾಯ ಎಂಬುದು ಹೊಸಬರಿಗೆ ನಂಬಲು ಕಷ್ಟ.

ಹಾಗಾಗಿ ಲಾರಿ ಬಂದ ಕೂಡಲೇ ಮೊದಲ ಕೆಲಸ ಖಾಲಿ ತೂಕ ಹಿಡಿಯುವುದು. ಎರಡನೆಯದು ಮುಚ್ಚಳ ತೆಗೆಸಿ, ಕಿಡಿ ಹಾರದ ಟಾರ್ಚ್ ಹಾಕಿ ಒಳಗೆ ನೋಡುವುದು. ಹಿಂದಿನ ಸಲ ಏನು ತುಂಬಿತ್ತು ಎಂದು ಕಾಗದದಲ್ಲೂ ನೋಡಬೇಕು, ಚಾಲಕರನ್ನೂ ಕೇಳಬೇಕು. ಒಂದು ಮಳೆಗಾಲದಲ್ಲಿ ನಾನು ಇದನ್ನು ಅವಸರದಲ್ಲಿ ಮುಗಿಸಿದೆ. ಕ್ಲೀನರ್ ಹುಡುಗ ಟ್ಯಾಂಕು ತೊಳೆದಿದ್ದ, ಒಣಗಿಸಿರಲಿಲ್ಲ. ತಳದಲ್ಲಿ ಬಕೆಟ್‌ನಷ್ಟು ನೀರು ನಿಂತಿತ್ತು. ಆಸಿಡ್ ಬಿದ್ದದ್ದೇ ತಡ, ಒಳಗೆ ಒಗ್ಗರಣೆ ಸಿಡಿದಂಥ ಸದ್ದು, ಮುಚ್ಚಳದಿಂದ ಬಿಳಿ ಹೊಗೆ. ವಾಲ್ವ್ ಮುಚ್ಚಿ ಎಲ್ಲರೂ ದೂರ ಹೋದೆವು. ಯಾರಿಗೂ ಏನೂ ಆಗಲಿಲ್ಲ. ತಪ್ಪು ನನ್ನದೇ. ಆಮೇಲೆ ಎಂದೂ ಒಳಗೆ ನೋಡದೆ ಸಹಿ ಹಾಕಲಿಲ್ಲ.

ತುಂಬಿಸುವವರಿಗೆ ಮುಖ ಪೂರ್ತಿ ಮುಚ್ಚುವ ಶೀಲ್ಡ್, ಪಿವಿಸಿ ಸೂಟು, ರಬ್ಬರ್ ಗ್ಲೌಸು, ಗಂಬೂಟು ಬೇಕು. ಪ್ಯಾಂಟು ಬೂಟಿನ ಹೊರಗಿರಬೇಕು. ಒಳಗೆ ತುರುಕಿದರೆ ಸೋರಿದ ಆಸಿಡ್ ಬೂಟಿನಲ್ಲೇ ನಿಲ್ಲುತ್ತದೆ. ಕೆಲಸ ಶುರುವಾಗುವ ಮೊದಲು ಪಕ್ಕದ ಸುರಕ್ಷತಾ ಶವರಿನ ಸರಪಳಿ ಎಳೆದು ನೀರು ಬರುತ್ತದಾ ಎಂದು ನೋಡಿ. ಸುಮ್ನೆ ಕಣ್ಣು ಹಾಯಿಸಿದರೆ ಸಾಲದು.

ಟ್ಯಾಂಕನ್ನು ಕಂಠಮಟ್ಟ ತುಂಬಬಾರದು. ಬಿಸಿಲಿಗೆ ಆಸಿಡ್ ಹಿಗ್ಗಲು ಮೇಲೆ ಸ್ವಲ್ಪ ಜಾಗ ಬೇಕು. ಅರ್ಧ ತುಂಬಿ ಕಳಿಸುವುದೂ ತಪ್ಪು. ಶಿರಾಡಿಯಂಥ ಘಾಟಿಯ ತಿರುವಿನಲ್ಲಿ ಇಷ್ಟು ಭಾರದ ದ್ರವ ಒಂದು ಕಡೆಗೆ ಹೊರಳಿದರೆ ಲಾರಿಯನ್ನೂ ಜೊತೆಗೆ ಹೊರಳಿಸುತ್ತದೆ.

ಡ್ರಮ್, ಕ್ಯಾನು

ಸಣ್ಣ ಪ್ರಮಾಣಕ್ಕೆ ಎಚ್‌ಡಿಪಿಇ ಪ್ಲಾಸ್ಟಿಕ್ಕಿನ ಕ್ಯಾನು ಅಥವಾ ಡ್ರಮ್. ಇಲ್ಲಿ ಅಂಗಡಿಯ ಮಾತು ನಂಬಬೇಡಿ, ಡ್ರಮ್ಮಿನ ಮೈ ಓದಿ. ವಿಶ್ವಸಂಸ್ಥೆಯ ನಿಯಮದಂತೆ ಪರೀಕ್ಷೆಯಾದ ಡ್ರಮ್ಮಿನ ಮೇಲೆ ಒಂದು ಸಾಲು ಉಬ್ಬಚ್ಚು ಇರುತ್ತದೆ. ಅದರಲ್ಲಿ 1ಎಚ್1 ಎಂದರೆ ಬಾಯಿ ಕಿರಿದಾದ ಪ್ಲಾಸ್ಟಿಕ್ ಡ್ರಮ್, 3ಎಚ್1 ಎಂದರೆ ಅದೇ ಥರದ ಕ್ಯಾನು. ಮುಂದಿನ ಅಕ್ಷರ ಎಕ್ಸ್ ಅಥವಾ ವೈ ಇರಬೇಕು, ಝಡ್ ಆದರೆ ಈ ಆಸಿಡ್‌ಗೆ ನಡೆಯುವುದಿಲ್ಲ. ಅದರ ಪಕ್ಕದ ಅಂಕಿಯನ್ನು ತುಂಬ ಜನ ನೋಡುವುದೇ ಇಲ್ಲ. ಲೀಟರಿಗೆ ಎಷ್ಟು ಕಿಲೋ ತೂಗುವ ದ್ರವಕ್ಕೆ ಡ್ರಮ್ ಪರೀಕ್ಷೆಯಾಗಿದೆ ಎಂದು ಅದು ಹೇಳುತ್ತದೆ. ವೈ ಪಕ್ಕ 1.9 ಇದ್ದರೆ ಸರಿ. ಅಂಕಿಯೇ ಇಲ್ಲದಿದ್ದರೆ ಆ ಡ್ರಮ್ಮಿನ ಮಿತಿ 1.2. ನೋಡಲು ಎರಡೂ ಒಂದೇ ಥರ ನೀಲಿ ಡ್ರಮ್.

ಗಡಿಯಾರದ ಹಾಗೆ ಸುತ್ತಲೂ ಒಂದರಿಂದ ಹನ್ನೆರಡು, ನಡುವೆ ಬಾಣ ಇರುವ ಪುಟ್ಟ ವೃತ್ತವನ್ನೂ ಹುಡುಕಿ. ಅದು ಡ್ರಮ್ ತಯಾರಾದ ತಿಂಗಳು. ಸಾಮಾನ್ಯವಾಗಿ ಐದು ವರ್ಷ ಕಳೆದ ಪ್ಲಾಸ್ಟಿಕ್ ಡ್ರಮ್ಮಿಗೆ ಅಪಾಯಕಾರಿ ದ್ರವ ತುಂಬುವಂತಿಲ್ಲ.

ಒಂದೇ ಲಾರಿಯಲ್ಲಿ ಈ ಆಸಿಡ್ ಜೊತೆ ಬ್ಲೀಚಿಂಗ್ ಪೌಡರ್ ಅಥವಾ ಹೈಪೋ (ಸೋಡಿಯಂ ಹೈಪೋಕ್ಲೋರೈಟ್) ದ್ರಾವಣ ಹೇರಬೇಡಿ. ಎರಡೂ ಸೋರಿ ಸೇರಿದರೆ ಏಳುವುದು ಕ್ಲೋರಿನ್. ದಿನಸಿ ಚೀಲವಂತೂ ಬೇಡವೇ ಬೇಡ.

ಬೋರ್ಡು, ಕಾಗದ

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಲಾರಿಯ ಎರಡೂ ಬದಿ ಮತ್ತು ಹಿಂದೆ ತುರ್ತು ಮಾಹಿತಿ ಫಲಕ ಇರಬೇಕು. ರಾಸಾಯನಿಕದ ಹೆಸರು, ಅದಕ್ಕೆ ವಿಶ್ವಸಂಸ್ಥೆ ಕೊಟ್ಟ ಸಂಖ್ಯೆ, ಅಪಾಯದ ವರ್ಗದ ಚಿತ್ರ, ತುರ್ತು ಸೇವೆಯ ಫೋನು, ಸರಕು ಕಳಿಸಿದವರ ಅಥವಾ ಸಲಹೆ ಕೊಡಬಲ್ಲವರ ಫೋನು ಅದರಲ್ಲಿರಬೇಕು. ಗಂಧಕಾಮ್ಲದ ಸಂಖ್ಯೆ 1830, ವರ್ಗ 8. ಚಿತ್ರದಲ್ಲಿ ಹನಿ ಬಿದ್ದು ಕೈ ಮತ್ತು ಲೋಹ ಸವೆಯುತ್ತಿರುತ್ತದೆ. ಕಳಿಸುವ ಮೊದಲು ಫಲಕದ ನಂಬರಿಗೆ ನೀವೇ ಒಮ್ಮೆ ಫೋನ್ ಮಾಡಿ. ಯಾರೂ ಎತ್ತದಿದ್ದರೆ ಆ ಬೋರ್ಡಿನಿಂದ ಪ್ರಯೋಜನವಿಲ್ಲ.

ಚಾಲಕರಿಗೆ ಮೂರು ದಿನದ ವಿಶೇಷ ತರಬೇತಿ ಆಗಿರಬೇಕು. ಕ್ಯಾಬಿನ್‌ನಲ್ಲಿ ಟ್ರೆಮ್ ಕಾರ್ಡ್ ಇರಬೇಕು. ಸೋರಿದರೆ, ಮೈಗೆ ತಾಗಿದರೆ ಏನು ಮಾಡಬೇಕೆಂದು ಅದರಲ್ಲಿರುತ್ತದೆ. ಅದನ್ನು ಚಾಲಕರು ಓದುವ ಭಾಷೆಯಲ್ಲೇ ಕೊಡಿ. ಕನ್ನಡ ಓದುವವರ ಕೈಗೆ ಬರೀ ಇಂಗ್ಲಿಷ್ ಕಾರ್ಡ್ ಕೊಟ್ಟು ಕಳಿಸುವುದು ನನಗೆ ಅನ್ಯಾಯ ಅನ್ನಿಸುತ್ತದೆ.

ದಾರಿಯಲ್ಲಿ ಸೋರಿದರೆ

ಟ್ಯಾಂಕರ್ ಪಕ್ಕಕ್ಕೆ ವಾಲಿದ್ದು ಕಂಡರೆ ಗಾಳಿ ಬೀಸಿ ಬರುವ ಕಡೆ ನಿಂತು, ದೂರದಿಂದಲೇ ಫಲಕದ ಅಂಕಿ ಓದಿ 112ಕ್ಕೆ ಹೇಳಿ. ಹರಿದ ಆಸಿಡ್ ಮೇಲೆ ಬಕೆಟ್ ನೀರು ಎರಚಬೇಡಿ, ಕುದಿದು ಮುಖಕ್ಕೇ ಸಿಡಿಯುತ್ತದೆ. ತರಬೇತಿ ಪಡೆದವರು ಬಂದು ಮರಳಿನ ಕಟ್ಟೆ ಹಾಕುತ್ತಾರೆ.

ಮೈಮೇಲೆ ಬಿದ್ದಾಗ ಮಾತ್ರ ಈ ನಿಯಮ ತಿರುಗುತ್ತದೆ. ಆಗ ನೀರು ಬೇಕು, ಧಾರಾಳವಾಗಿ ಬೇಕು. ಬಟ್ಟೆ ತೆಗೆಸುತ್ತಲೇ ಕನಿಷ್ಠ 20 ನಿಮಿಷ ಹರಿಯುವ ನೀರು ಬಿಡಿ. ಒಂದು ಚೊಂಬು ನೀರು ಸುರಿದು ಆಸ್ಪತ್ರೆಗೆ ಓಡಬೇಡಿ. ಉಜ್ಜಬೇಡಿ, ಸೋಡಾ ಹಚ್ಚಬೇಡಿ.

ಖಾಲಿ ಲಾರಿ

ಇಳಿಸಿದ ಮೇಲೂ ತಳದಲ್ಲಿ ಒಂದಿಷ್ಟು ಆಸಿಡ್ ಉಳಿದಿರುತ್ತದೆ. ಮುಚ್ಚಳ ಸರಿಯಾಗಿ ಹಾಕದೆ ಬಂದರೆ ಅದು ಗಾಳಿಯ ತೇವ ಎಳೆದುಕೊಂಡು ತೆಳುವಾಗುತ್ತದೆ, ಉಕ್ಕನ್ನು ತಿನ್ನುತ್ತದೆ, ಟ್ಯಾಂಕಿನೊಳಗೆ ಹೈಡ್ರೋಜನ್ ಕೂಡುತ್ತದೆ. ವಾಸನೆಯಿಲ್ಲ, ಬಣ್ಣವಿಲ್ಲ. ಅಂಥ ಲಾರಿಯನ್ನು ಚಿಕ್ಕ ಬಿರುಕಿಗೆಂದು ಗ್ಯಾರೇಜಿಗೆ ಬಿಟ್ಟಾಗ ವೆಲ್ಡಿಂಗ್‌ನ ಒಂದು ಕಿಡಿ ಸಾಕು. ಆದ್ದರಿಂದ ಟ್ಯಾಂಕು ತೊಳೆದು, ಒಣಗಿಸಿ, ಒಳಗಿನ ಅನಿಲ ಮೀಟರಿನಲ್ಲಿ ಪರೀಕ್ಷಿಸಿ ಲಿಖಿತ ಅನುಮತಿ ಸಿಗುವವರೆಗೆ ಫಲಕ ತೆಗೆಯಬಾರದು. ವೆಲ್ಡಿಂಗ್ ಮಾಡುವ ಅಣ್ಣನಿಗೆ ಆ ಕಾಗದ ತೋರಿಸಿ, ಒಳಗೆ ಏನಿತ್ತು ಎಂದು ಬಾಯಿಬಿಟ್ಟು ಹೇಳಿಯೇ ಕೀಲಿ ಕೊಡಿ.