ರಟ್ಟೆಗೆ ಬಲ ಬಂದದ್ದು ಬೆನ್ನಿನಿಂದ

ಕಂಬಿ ಹಿಡಿದು ನನ್ನ ಮೈಯನ್ನು ನಾನೇ ಮೇಲಕ್ಕೆ ಎಳೆಯಬೇಕು. ಇದೊಂದೇ ಆಸೆಯಿಂದ ನಾನು ವ್ಯಾಯಾಮ ಶುರು ಮಾಡಿದ್ದು. ಉಡುಪಿಯಲ್ಲಿ ಲೆಕ್ಕಪತ್ರದ ಕೆಲಸ ನನ್ನದು. ಇಡೀ ದಿನ ಕಂಪ್ಯೂಟರ್ ಮುಂದೆ ಕೂತು ಭುಜ ಮುಂದಕ್ಕೆ ಬಾಗಿತ್ತು. ಸಂಜೆಯಾದರೆ ಕುತ್ತಿಗೆ ಹಿಡಿದುಕೊಳ್ಳುತ್ತಿತ್ತು. ಹೆಂಗಸರಿಗೆ ಇದೆಲ್ಲ ಆಗುವುದಿಲ್ಲ ಎಂದು ಹೇಳುವವರು ತುಂಬಾ ಜನ. ಆಗ್ತದೆ. ಆದರೆ ರಟ್ಟೆಯನ್ನು ಮಾತ್ರ ನಂಬಿದರೆ ಆಗುವುದಿಲ್ಲ, ಬೆನ್ನನ್ನು ಎಬ್ಬಿಸಬೇಕು.

ನಮ್ಮ ತಾರಸಿಗೆ ಶೀಟ್ ಹಾಕಿಸಿದ್ದೇವೆ, ಮಳೆಗಾಲದಲ್ಲಿ ಬಟ್ಟೆ ಒಣಗಿಸಲು. ಅಲ್ಲೇ ವೆಲ್ಡಿಂಗ್‌ನವರಿಂದ ದಪ್ಪ ಪೈಪಿನ ಕಂಬಿ ಹಾಕಿಸಿದೆ. ಸಮುದ್ರದ ಗಾಳಿಗೆ ಇಲ್ಲಿ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ, ಪೇಂಟ್ ಬಳಿಸಲೇಬೇಕು. ಸೆಕೆಗೆ ಅಂಗೈ ಬೆವರಿ ಜಾರುತ್ತದೆ, ಹತ್ತಿರ ಒಂದು ಒಣ ಟವೆಲ್ ಇರಲಿ.

ಮೊದಲು ಸುಮ್ನೆ ನೇತಾಡುವುದು, 20 ರಿಂದ 30 ಸೆಕೆಂಡು. ಆಮೇಲೆ ಮೊಣಕೈ ಮಡಚದೆ ಭುಜಗಳನ್ನು ಮಾತ್ರ ಕಿವಿಯಿಂದ ಕೆಳಕ್ಕೆ ಎಳೆಯುವುದು. ಮೈ ಒಂದೆರಡು ಇಂಚು ಮೇಲೇರುತ್ತದೆ, ಅಷ್ಟೇ. ನೋಡುವವರಿಗೆ ಏನೂ ಆಗಿಲ್ಲ ಅನಿಸುತ್ತದೆ. ಆದರೆ ಕಂಕುಳ ಕೆಳಗೆ, ಪಕ್ಕೆಯ ಹತ್ತಿರ ಅಗಲವಾದ ಸ್ನಾಯು ಬಿಗಿಯುವುದು ನಿಮಗೆ ಗೊತ್ತಾಗುತ್ತದೆ. ಅದಕ್ಕೆ ಲ್ಯಾಟ್ ಅನ್ನುತ್ತಾರೆ. ಸೊಂಟದ ಹಿಂಭಾಗದಿಂದ ಹೊರಟು ರಟ್ಟೆಯ ಮೂಳೆಗೆ ಹೋಗಿ ಸೇರುವ ಸ್ನಾಯು ಅದು. ರಟ್ಟೆಯನ್ನು ಮೇಲಿಂದ ಕೆಳಕ್ಕೆ ಎಳೆಯುವ ದೊಡ್ಡ ಕೆಲಸ ಅದರದ್ದು. ರಟ್ಟೆಯ ಮುಂಭಾಗದ ಸ್ನಾಯು ಬೈಸೆಪ್ಸ್ ಮೊಣಕೈ ಮಡಚಿ ಕೈಜೋಡಿಸುತ್ತದೆ.

ಇದು ನನಗೆ ಸರಿಯಾಗಿ ಅರ್ಥವಾದದ್ದು ಪಕ್ಕದ ಮನೆಯ ದೊಡ್ಡಮ್ಮ ಬಾವಿಯಿಂದ ನೀರು ಸೇದುವುದನ್ನು ನೋಡಿದಾಗ. ಹಗ್ಗವನ್ನು ಅವರು ಬೆರಳಿನಿಂದ ಜಗ್ಗುವುದಿಲ್ಲ. ಮೊಣಕೈ ಪಕ್ಕೆಯ ಕಡೆಗೆ ಇಳಿಯುತ್ತದೆ, ಕೊಡ ಮೇಲೆ ಬರುತ್ತದೆ. ಕೇಳಿದ್ದಕ್ಕೆ, "ಮೊಣಕೈ ಕೆಳಗೆ ತಗೊಂಡು ಹೋಗು ಮಗಾ, ಕೈ ಅದರಷ್ಟಕ್ಕೇ ಬರ್ತದೆ" ಅಂದರು. ಕಂಬಿ ಹಿಡಿದಾಗಲೆಲ್ಲ ನಾನು ಅದನ್ನೇ ಹೇಳಿಕೊಳ್ಳುತ್ತೇನೆ.

ಬೆನ್ನಿಗೆ ಬಲ ಬರಲು ನಾನು ಜಾಸ್ತಿ ಮಾಡಿದ್ದು ರೋ, ಅಂದರೆ ಬಗ್ಗಿಕೊಂಡು ಭಾರವನ್ನು ಮೈಯ ಕಡೆಗೆ ಎಳೆಯುವ ವ್ಯಾಯಾಮ. ಡಂಬೆಲ್ ಇರಲಿಲ್ಲ. ಗಟ್ಟಿ ಕೈಚೀಲದಲ್ಲಿ 5 ಕೆ.ಜಿ. ಕುಚ್ಚಲಕ್ಕಿ ಹಾಕಿದೆ. ಒಂದು ಕೈ, ಒಂದು ಮೊಣಕಾಲು ಬೆಂಚಿನ ಮೇಲೆ. ಬೆನ್ನು ನೇರ. ಚೀಲವನ್ನು ಎದೆಯ ಕಡೆಗಲ್ಲ, ಸೊಂಟದ ಕಡೆಗೆ ಎಳೆಯಬೇಕು. ಮೇಲೆ ಒಂದು ಕ್ಷಣ ನಿಲ್ಲಿಸಿ, ಮೂರು ಎಣಿಸುತ್ತಾ ಇಳಿಸಬೇಕು. 8 ರಿಂದ 12 ಸಲ, ಮೂರು ಸುತ್ತು. ಕೊನೆಯ ಎರಡು ಸಲ ಕಷ್ಟವಾಗಬೇಕು, ಆದರೆ ಸೊಂಟ ತಿರುಚಬಾರದು. ಹನ್ನೆರಡೂ ಸಲೀಸಾದರೆ ಇನ್ನೊಂದು ಕೆ.ಜಿ. ಅಕ್ಕಿ. ಭಾರ ಹೀಗೆ ನಿಧಾನಕ್ಕೆ ಏರದಿದ್ದರೆ ಸ್ನಾಯುವಿಗೆ ಬೆಳೆಯುವ ಕಾರಣವೇ ಇಲ್ಲ.

ಕಂಬಿ ಏರುವುದನ್ನು ನಾನು ಕಲಿತದ್ದು ಇಳಿಯುವುದರಿಂದ. ಸ್ಟೂಲ್ ಮೇಲೆ ನಿಂತು, ಅಂಗೈ ನಮ್ಮ ಕಡೆಗಿರುವಂತೆ ಕಂಬಿ ಹಿಡಿದು, ಗದ್ದ ಕಂಬಿಗಿಂತ ಮೇಲಿಟ್ಟು, ಐದು ಸೆಕೆಂಡು ತೆಗೆದುಕೊಂಡು ಇಳಿಯುವುದು. ಎತ್ತಲು ಆಗದ ಭಾರವನ್ನೂ ಸ್ನಾಯು ತಡೆದು ಇಳಿಸಬಲ್ಲದು. ಅದಕ್ಕೇ ಇದು ಇಷ್ಟು ಒಳ್ಳೆಯ ಅಭ್ಯಾಸ. ಮಾರನೇ ದಿನ ನೋವು ಜಾಸ್ತಿ ಇರುತ್ತದೆ, ಹಾಗಾಗಿ ವಾರಕ್ಕೆ ಎರಡೇ ಸಲ, ನಡುವೆ ಎರಡು ದಿನ ಬಿಡುವು. ಅಂಗೈ ನಮ್ಮ ಕಡೆ ಇದ್ದರೆ ಬೈಸೆಪ್ಸ್ ಜಾಸ್ತಿ ನೆರವಾಗುತ್ತದೆ. ಮೊದಲು ಹೀಗೇ ಕಲಿಯಿರಿ.

ನಮ್ಮ ಕುಂದಾಪುರ ಕಡೆಯ ವೇಟ್‌ಲಿಫ್ಟರ್ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕೆ.ಜಿ. ವಿಭಾಗದಲ್ಲಿ ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ ಗೆದ್ದರು. ಆ ವಿಡಿಯೋ ನೋಡುವಾಗ ತೋಳನ್ನು ಬಿಟ್ಟು ಬೆನ್ನನ್ನು ಗಮನಿಸಿ. ನೆಲದಿಂದ ಏಳುವ ಕಂಬಿ ಮೈಯಿಂದ ದೂರ ಸರಿಯದಂತೆ ಹಿಡಿದಿಡುವುದು ಅದೇ ಲ್ಯಾಟ್. ನನಗಂತೂ ಆ ವಿಡಿಯೋ ಎಷ್ಟು ಸಲ ನೋಡಿದರೂ ಮೈ ಜುಂ ಅನ್ನುತ್ತದೆ.

ರಟ್ಟೆಯ ಹಿಂಭಾಗದ ಟ್ರೈಸೆಪ್ಸ್ ಬೈಸೆಪ್ಸ್‌ಗಿಂತ ದೊಡ್ಡದು, ಅದಕ್ಕೆ ಎರಡೂ ಕೈ ಹತ್ತಿರ ಹತ್ತಿರ ಇಟ್ಟು ಪುಶ್ ಅಪ್ ಸಾಕು. ಊಟಕ್ಕೆ ಬಂಗುಡೆ, ಮೊಟ್ಟೆ, ಹೆಸರುಕಾಳು. ಡಬ್ಬದ ಪ್ರೋಟೀನ್ ಪುಡಿ ನನಗೆ ಬೇಕಾಗಲಿಲ್ಲ.

ಸ್ನಾಯುವಿನ ನೋವು ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಭುಜದ ಕೀಲಿನ ಒಳಗೆ ಚುಚ್ಚಿದರೆ, ಬೆರಳು ಜೋಮು ಹಿಡಿದರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ಈಗ ಪಕ್ಕದ ಮನೆಯ ಇಬ್ಬರು ಹುಡುಗಿಯರೂ ತಾರಸಿಗೆ ಬರುತ್ತಿದ್ದಾರೆ. ಅವರಿಗೆ ಸದ್ಯ ನೇತಾಡುವುದು ಮತ್ತು ಅಕ್ಕಿಚೀಲ ಮಾತ್ರ. ದೊಡ್ಡವಳು ಭುಜ ಕೆಳಗೆ ಎಳೆಯುವುದನ್ನು ಕಲಿತಿದ್ದಾಳೆ, ಮುಂದಿನ ವಾರದಿಂದ ಅವಳಿಗೆ ಸ್ಟೂಲ್.