ಲಿಂಕನ್ ಕುರಿತು ಹತ್ತು ನಿಮಿಷದ ಭಾಷಣಕ್ಕೆ ಸಿದ್ಧವಾಗುವ ಬಗೆ

ಉಡುಪಿ, ಮಂಗಳೂರು ಕಡೆಯ ಭಾಷಣ ಸ್ಪರ್ಧೆಗಳಿಗೆ ಅಮೆರಿಕದ ಅಧ್ಯಕ್ಷರಾಗಿದ್ದ ಅಬ್ರಹಾಂ ಲಿಂಕನ್ ಹಳೆಯ ವಿಷಯ. ತೀರ್ಪುಗಾರನಾಗಿ ಕುಳಿತು ನಾನು ಕೇಳಿದ ಭಾಷಣಗಳು ಬಹುಮಟ್ಟಿಗೆ ಒಂದೇ ಜಾಡಿನಲ್ಲಿ ಸಾಗುತ್ತಿದ್ದವು: ಮರದ ದಿಮ್ಮಿಗಳ ಗುಡಿಸಲು, ಒಲೆಯ ಬೆಳಕಿನ ಓದು, ಸೋಲುಗಳ ಉದ್ದನೆಯ ಪಟ್ಟಿ, ಮಗನ ಶಿಕ್ಷಕರಿಗೆ ಬರೆದ ಪತ್ರ, ಕೊನೆಗೆ ನಾಟಕಶಾಲೆಯಲ್ಲಿ ಗುಂಡೇಟು. ಇಷ್ಟೆಲ್ಲದರ ನಡುವೆ, ನಾಲ್ಕು ವರ್ಷ ಅವರು ಯುದ್ಧದ ದೇಶವೊಂದನ್ನು ಹೇಗೆ ನಡೆಸಿದರು ಎಂಬುದು ಮಾತ್ರ ಕಾಣೆಯಾಗಿರುತ್ತಿತ್ತು. ಈ ಬರಹ ಅದನ್ನು ಮತ್ತೆ ಭಾಷಣದೊಳಗೆ ತರಲು ಬಯಸುವವರಿಗಾಗಿ.

ಮೊದಲು ಆ ಪತ್ರವನ್ನು ಬದಿಗಿಡಿ. ನಮ್ಮ ಶಾಲೆಗಳ ಗೋಡೆಗಳ ಮೇಲೆ ಅದು ಚೌಕಟ್ಟು ಹಾಕಿಸಿಕೊಂಡು ಕುಳಿತಿದ್ದರೂ ಲಿಂಕನ್ ಅವರ ಬರಹಗಳಲ್ಲಿ ಅಂಥದ್ದೊಂದು ಪತ್ರವೇ ಇಲ್ಲ. ಸೈನಿಕರ ಸ್ಮಶಾನವೊಂದರ ಸಮರ್ಪಣೆಯಲ್ಲಿ ಮಾಡಿದ ಪ್ರಸಿದ್ಧ ಗೆಟಿಸ್‌ಬರ್ಗ್ ಭಾಷಣವನ್ನು ರೈಲಿನಲ್ಲಿ ಲಕೋಟೆಯ ಹಿಂಬದಿಗೆ ಗೀಚಿದರು ಎಂಬುದೂ ಕಟ್ಟುಕಥೆಯೇ. ಅವರು ಬರೆದು, ತಿದ್ದಿ, ಸಿದ್ಧವಾಗಿ ಮಾತನಾಡುತ್ತಿದ್ದವರು. ಸ್ಪರ್ಧಿಗಳಿಗೆ ಈ ಸತ್ಯವೇ ಹೆಚ್ಚು ಉಪಯೋಗಕ್ಕೆ ಬರುವಂಥದ್ದು.

ವೇಷ, ಕುಣಿತಗಳಿಲ್ಲದ ಯಕ್ಷಗಾನವಾದ ತಾಳಮದ್ದಳೆಯಲ್ಲಿ ಪಾತ್ರವಾಗಿ ಮಾತನಾಡುವ ಪಳಗಿದ ಅರ್ಥಧಾರಿ ಇಡೀ ರಾಮಾಯಣವನ್ನು ಹೇಳಲು ಹೊರಡುವುದಿಲ್ಲ. ಆ ದಿನದ ಪ್ರಸಂಗಕ್ಕೆ ಬೇಕಾದಷ್ಟನ್ನು ಪೀಠಿಕೆಯಲ್ಲಿ ತಂದು ಸಂವಾದಕ್ಕೆ ಇಳಿಯುತ್ತಾನೆ. ನಿಮ್ಮ ಪೀಠಿಕೆಗೂ ಎರಡು ನಿಮಿಷ ಸಾಕು. 1809ರ ಫೆಬ್ರವರಿ 12ರಂದು ಕೆಂಟಕಿಯಲ್ಲಿ ಜನನ, ಒಂಬತ್ತನೆಯ ವಯಸ್ಸಿನಲ್ಲಿ ತಾಯಿಯ ಸಾವು, ಎಲ್ಲ ಸೇರಿಸಿದರೂ ಒಂದು ವರ್ಷ ತುಂಬದ ಶಾಲಾ ಶಿಕ್ಷಣ, ಇಲಿನಾಯ್‌ನಲ್ಲಿ ವಕೀಲಿಕೆ. 1854ರ ಕಾನೂನೊಂದು ಹೊಸ ಪ್ರಾಂತ್ಯಗಳಿಗೂ ಗುಲಾಮಗಿರಿ ಹಬ್ಬಲು ದಾರಿ ಮಾಡಿಕೊಟ್ಟಾಗ ಅವರು ರಾಜಕೀಯಕ್ಕೆ ಮರಳಿದರು. 1860ರ ಚುನಾವಣೆಯಲ್ಲಿ ನಾಲ್ವರು ಅಭ್ಯರ್ಥಿಗಳ ನಡುವೆ ಶೇಕಡಾ 40ರಷ್ಟು ಮತ ಪಡೆದು ಗೆದ್ದರು. 1861ರ ಮಾರ್ಚ್ 4ರಂದು ಪ್ರಮಾಣವಚನ ಸ್ವೀಕರಿಸುವ ಹೊತ್ತಿಗಾಗಲೇ ಗುಲಾಮಗಿರಿ ನಡೆಯುತ್ತಿದ್ದ ದಕ್ಷಿಣದ ಏಳು ರಾಜ್ಯಗಳು ಅಮೆರಿಕದ ಒಕ್ಕೂಟವನ್ನು ತೊರೆದಿದ್ದವು. ಏಪ್ರಿಲ್‌ನಲ್ಲಿ ಒಕ್ಕೂಟದ ಸೇನೆಯಿದ್ದ ಸಮ್ಟರ್ ಕೋಟೆಯ ಮೇಲೆ ಅವು ದಾಳಿ ನಡೆಸಿ ಅಂತರ್ಯುದ್ಧ ಶುರುವಾದ ಮೇಲೆ ಇನ್ನೂ ನಾಲ್ಕು ಹೊರಟವು. ಇಲ್ಲಿ ಒಂದು ವಾಕ್ಯವನ್ನು ತಪ್ಪದೆ ಸೇರಿಸಿ: ಸುಮಾರು 40 ಲಕ್ಷ ಜನ ಗುಲಾಮರಾಗಿದ್ದ ಆ ದೇಶದಲ್ಲಿ ಲಿಂಕನ್ ಅವರ ಆಗಿನ ನಿಲುವು ಗುಲಾಮಗಿರಿ ಹೊಸ ನೆಲಕ್ಕೆ ಹಬ್ಬಬಾರದು ಎಂಬುದಷ್ಟೇ ಆಗಿತ್ತು, ಇದ್ದಲ್ಲಿಂದ ಕಿತ್ತುಹಾಕುತ್ತೇನೆ ಎಂದು ಅವರು ಹೇಳಿರಲಿಲ್ಲ. ಇದನ್ನು ಮುಚ್ಚಿಟ್ಟರೆ ಮುಂದಿನ ಕಥೆಗೆ ಅರ್ಥವೇ ಉಳಿಯುವುದಿಲ್ಲ.

ನಿಮ್ಮ ಪ್ರಸಂಗ 1862ರ ಜುಲೈ 22ರಿಂದ 1863ರ ಜನವರಿ 1ರವರೆಗಿನದಾಗಿರಲಿ. ಐದು ನಿಮಿಷವನ್ನು ಈ ಐದು ತಿಂಗಳುಗಳಿಗೆ ಮೀಸಲಿಡಿ. ಜುಲೈ 22ರಂದು ಲಿಂಕನ್ ಗುಲಾಮರ ಬಿಡುಗಡೆಯನ್ನು ಸಾರುವ ವಿಮೋಚನಾ ಘೋಷಣೆಯ ಕರಡನ್ನು ಸಚಿವ ಸಂಪುಟದ ಮುಂದೆ ಓದಿದರು. 1860ರಲ್ಲಿ ಪಕ್ಷದ ಉಮೇದುವಾರಿಕೆಗೆ ಲಿಂಕನ್ ಅವರ ಎದುರಾಳಿಯಾಗಿದ್ದು, ಅವರಿಂದಲೇ ಸಚಿವರಾಗಿದ್ದ ವಿಲಿಯಂ ಸೀವರ್ಡ್, ಸೋಲುಗಳ ನಡುವೆ ಇದನ್ನು ಹೊರಡಿಸಿದರೆ ಹತಾಶೆಯ ಕೂಗಿನಂತೆ ಕೇಳಿಸುತ್ತದೆ, ಗೆಲುವೊಂದು ಬರುವವರೆಗೆ ಕಾಯೋಣ ಎಂದರು. ಲಿಂಕನ್ ಒಪ್ಪಿ ಕರಡನ್ನು ಎತ್ತಿಟ್ಟರು. ಅದೇ ಆಗಸ್ಟ್ 22ರಂದು ಪತ್ರಿಕಾ ಸಂಪಾದಕ ಹೊರೇಸ್ ಗ್ರೀಲಿ ಅವರಿಗೆ ಬಹಿರಂಗ ಉತ್ತರ ಬರೆದು, ಒಬ್ಬ ಗುಲಾಮನನ್ನೂ ಬಿಡಿಸದೆ ಒಕ್ಕೂಟ ಉಳಿಯುವುದಾದರೆ ಹಾಗೆ ಮಾಡುತ್ತೇನೆ, ಎಲ್ಲರನ್ನೂ ಬಿಡಿಸಿ ಉಳಿಯುವುದಾದರೆ ಹಾಗೂ ಮಾಡುತ್ತೇನೆ ಎಂದರು. ಲಿಂಕನ್ ಅವರನ್ನು ಹೀಗಳೆಯುವವರು ಈ ಪತ್ರದ ಮೊದಲ ಅರ್ಧವನ್ನು ಮಾತ್ರ ಉದ್ಧರಿಸುತ್ತಾರೆ. ಎಲ್ಲೆಡೆಯ ಎಲ್ಲ ಮನುಷ್ಯರೂ ಸ್ವತಂತ್ರರಾಗಬೇಕೆಂಬುದು ತನ್ನ ವೈಯಕ್ತಿಕ ಬಯಕೆ ಎಂದು ಪತ್ರ ಮುಗಿಯುತ್ತದೆ ಎಂಬುದನ್ನೂ, ಅದನ್ನು ಬರೆಯುವಾಗ ಘೋಷಣೆಯ ಕರಡು ಕೈಯಲ್ಲೇ ಇತ್ತು ಎಂಬುದನ್ನೂ ನೀವು ಜೊತೆಗಿಟ್ಟು ಹೇಳಿ. ಸಭೆ ತಾನಾಗಿ ಕಿವಿಗೊಡುತ್ತದೆ.

ಸೆಪ್ಟೆಂಬರ್ 17ರ ಆಂಟಿಟಮ್ ಕಾಳಗ ಪೂರ್ಣ ಗೆಲುವಲ್ಲದಿದ್ದರೂ ಶತ್ರುಸೇನೆ ಹಿಂದೆ ಸರಿಯಿತು. ಐದೇ ದಿನಗಳಲ್ಲಿ ಮುನ್ಸೂಚನೆಯ ಘೋಷಣೆ ಹೊರಬಿತ್ತು. ಜನವರಿ 1ರಂದು ಅಂತಿಮ ಸಹಿ. ಅದು ಬಂಡೆದ್ದ ಪ್ರದೇಶಗಳಲ್ಲಿದ್ದ ಗುಲಾಮರನ್ನು ಮಾತ್ರ ಬಿಡುಗಡೆಗೊಳಿಸಿತೆಂದು ಸ್ಪಷ್ಟವಾಗಿ ಹೇಳಿ. ಒಕ್ಕೂಟದಲ್ಲೇ ಉಳಿದಿದ್ದ ಕೆಂಟಕಿ, ಮೇರಿಲ್ಯಾಂಡ್, ಡೆಲವೇರ್, ಮಿಸೌರಿಗಳಿಗೆ ಅದು ಅನ್ವಯವಾಗಲಿಲ್ಲ. ಏಕೆಂದರೆ ರಾಜ್ಯಗಳೊಳಗಿನ ಗುಲಾಮಗಿರಿಯ ಮೇಲೆ ಕೈಯಿಡಲು ಶಾಂತಿಕಾಲದ ಅಧ್ಯಕ್ಷರಿಗೆ ಸಂವಿಧಾನದಲ್ಲಿ ಅಧಿಕಾರವಿರಲಿಲ್ಲ. ಲಿಂಕನ್ ಸೇನೆಯ ಮಹಾದಂಡನಾಯಕರಾಗಿ, ಶತ್ರುವಿನ ಬಲವನ್ನು ಕುಗ್ಗಿಸುವ ಯುದ್ಧಕ್ರಮವೆಂದು ಅದಕ್ಕೆ ಸಹಿ ಹಾಕಿದರು. ಯುದ್ಧ ಮುಗಿದ ಮೇಲೆ ನ್ಯಾಯಾಲಯ ಅದನ್ನು ರದ್ದು ಮಾಡಬಹುದೆಂಬ ಅಳುಕು ಇದ್ದುದರಿಂದಲೇ ಅವರು ಗುಲಾಮಗಿರಿಯನ್ನೇ ನಿಷೇಧಿಸುವ ಸಂವಿಧಾನದ 13ನೇ ತಿದ್ದುಪಡಿಗೆ ಅಷ್ಟು ಪಟ್ಟು ಹಿಡಿದರು. 1865ರ ಜನವರಿ 31ರಂದು ಅದು ಕೆಳಮನೆಯಲ್ಲಿ 119–56 ಮತಗಳಿಂದ ಅಂಗೀಕಾರವಾಯಿತು. ರಾಜ್ಯಗಳ ಅನುಮೋದನೆ ಪೂರ್ಣಗೊಂಡದ್ದು ಡಿಸೆಂಬರ್ 6ಕ್ಕೆ. ಏಪ್ರಿಲ್ 15ರಂದೇ ತೀರಿಕೊಂಡಿದ್ದ ಲಿಂಕನ್ ಅದನ್ನು ಕಾಣಲಿಲ್ಲ.

ಇಷ್ಟಾದ ಮೇಲೆ ಎದುರು ಅರ್ಥಧಾರಿಯನ್ನು ಕರೆಯಿರಿ. ವಾಲಿವಧೆಯಲ್ಲಿ ವಾಲಿಯ ಪ್ರಶ್ನೆಗಳು ಸಪ್ಪೆಯಾದರೆ ರಾಮನ ಉತ್ತರವೂ ಸಪ್ಪೆಯೇ. ಲಿಂಕನ್ ಅವರ ಎದುರಿಗೆ ಆ ಪಾತ್ರಕ್ಕೆ ತಕ್ಕವರು ಫ್ರೆಡರಿಕ್ ಡಗ್ಲಸ್: ಗುಲಾಮರಾಗಿ ಹುಟ್ಟಿ, ತಪ್ಪಿಸಿಕೊಂಡು ಬಂದು, ದೇಶದ ಶ್ರೇಷ್ಠ ವಾಗ್ಮಿಗಳಲ್ಲಿ ಒಬ್ಬರಾದವರು. ಬಿಳಿಯ ಸೈನಿಕನಿಗೆ 13 ಡಾಲರ್ ಇರುವಾಗ ಕಪ್ಪು ಸೈನಿಕನಿಗೆ 10, ಅದರಲ್ಲೂ ಬಟ್ಟೆಗೆಂದು 3 ಕಡಿತ ಏಕೆ ಎಂದು ಕೇಳಲು 1863ರಲ್ಲಿ ಅವರು ನೇರವಾಗಿ ಅಧ್ಯಕ್ಷರ ಬಳಿಗೇ ಹೋದರು. ಬಿಡುಗಡೆಯಾದವರನ್ನು ದೇಶದ ಹೊರಗೆ ನೆಲೆಗೊಳಿಸುವ ಲಿಂಕನ್ ಅವರ ಯೋಜನೆಯನ್ನು ಅದಕ್ಕೂ ಮೊದಲೇ ಅವರು ಕಟುವಾಗಿ ಟೀಕಿಸಿದ್ದರು. 1876ರಲ್ಲಿ ಸ್ಮಾರಕವೊಂದರ ಅನಾವರಣದಲ್ಲಿ ಅವರು ಆಡಿದ ಮಾತು ನಿಮ್ಮ ಭಾಷಣದ ತಕ್ಕಡಿಯಾಗಬಲ್ಲದು: ಗುಲಾಮಗಿರಿಯನ್ನು ಪೂರ್ತಿ ತೊಲಗಿಸಬೇಕೆಂದವರ ಕಡೆಯಿಂದ ನೋಡಿದರೆ ಲಿಂಕನ್ ತಡಮಾಡುವವರಾಗಿ, ತಣ್ಣಗಿನವರಾಗಿ ಕಂಡರು, ಅವರು ಗಮನಿಸಲೇಬೇಕಾಗಿದ್ದ ದೇಶದ ಜನಾಭಿಪ್ರಾಯದಿಂದ ಅಳೆದರೆ ಚುರುಕಿನವರೂ ದೃಢನಿಶ್ಚಯದವರೂ ಆಗಿದ್ದರು. ಈ ಎರಡೂ ಅಳತೆಗಳನ್ನು ಮುಂದಿಟ್ಟು ನಿಮ್ಮ ಅಭಿಪ್ರಾಯವನ್ನು ಹೇಳಿ. ನನ್ನ ಮಟ್ಟಿಗೆ, ತಾನು ಬದಲಾಗಲು ಒಪ್ಪಿದ್ದೇ ಲಿಂಕನ್ ಅವರ ನಾಯಕತ್ವದ ತಿರುಳು. ನೀವು ಬೇರೆ ತೀರ್ಮಾನಕ್ಕೆ ಬಂದರೆ ಅಂಕ ಕಡಿಮೆಯಾಗಬೇಕಿಲ್ಲ.

ಊರಿನ ಮಾತನ್ನು ಒಂದು ನಿಮಿಷಕ್ಕೆ ಮೀರದಂತೆ ತನ್ನಿ. ಗುಲಾಮಗಿರಿ ಕಡಲಾಚೆಯ ಪಾಪ ಎಂಬ ಧಾಟಿ ನಮಗೆ ಒಪ್ಪುವುದಿಲ್ಲ. 1801ರಲ್ಲಿ ಕೆನರಾದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಗದ್ದೆಗಳಲ್ಲಿ ದುಡಿಯುತ್ತಿದ್ದ ಗುಲಾಮರ ಬಗ್ಗೆ ಬರೆದಿಟ್ಟಿದ್ದಾರೆ. ಬ್ರಿಟಿಷ್ ಆಡಳಿತದ 1843ರ ಕಾಯಿದೆ ಗುಲಾಮರ ಮೇಲಿನ ಒಡೆತನಕ್ಕೆ ನ್ಯಾಯಾಲಯದ ಮಾನ್ಯತೆಯನ್ನು ತೆಗೆದುಹಾಕಿತು. ಮನುಷ್ಯರನ್ನು ಗುಲಾಮರನ್ನಾಗಿ ಕೊಳ್ಳುವುದನ್ನೂ ಮಾರುವುದನ್ನೂ ಅಪರಾಧವೆಂದ ಭಾರತೀಯ ದಂಡಸಂಹಿತೆ ಜಾರಿಗೆ ಬಂದದ್ದು 1862ರಲ್ಲಿ, ಲಿಂಕನ್ ಕರಡು ಓದಿದ ವರ್ಷದಲ್ಲೇ. ಆದರೂ ಕರಾವಳಿಯ ಬುಡಕಟ್ಟು ಸಮುದಾಯವಾದ ಕೊರಗರನ್ನು ಹೀನಾಯ ಚಾಕರಿಗೆ ಹಚ್ಚುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕಕ್ಕೆ 2000ದಲ್ಲಿ ಪ್ರತ್ಯೇಕ ಕಾಯಿದೆಯೇ ಬೇಕಾಯಿತು. ಇದನ್ನು ಹೇಳುವಾಗ ದನಿ ಏರಿಸುವ ಅಗತ್ಯವಿಲ್ಲ, ಇಸವಿಗಳೇ ಸಾಕು.

ಸಮಯದ ಬಗ್ಗೆ ಲಿಂಕನ್ ಅವರೇ ಮಾದರಿ. 1863ರ ನವೆಂಬರ್ 19ರಂದು ಗೆಟಿಸ್‌ಬರ್ಗ್‌ನಲ್ಲಿ ಮುಖ್ಯ ಭಾಷಣಕಾರ ಎಡ್ವರ್ಡ್ ಎವರೆಟ್ ಎರಡು ಗಂಟೆ ಮಾತನಾಡಿದರು, ಅಧ್ಯಕ್ಷರು ಸುಮಾರು 270 ಪದಗಳಲ್ಲಿ ಮುಗಿಸಿದರು. ನೀವು ಬರೆದದ್ದನ್ನು ಗಡಿಯಾರವಿಟ್ಟು ಗಟ್ಟಿಯಾಗಿ ಓದಿ, ಹೆಚ್ಚಾದದ್ದನ್ನು ಪೀಠಿಕೆಯಿಂದ ಕತ್ತರಿಸಿ, ನಡುವಿನ ಐದು ತಿಂಗಳಿಂದಲ್ಲ.

ಹೆಸರುಗಳ ವಿಚಾರದಲ್ಲೊಂದು ಎಚ್ಚರ. ಇಲಿನಾಯ್ ಎನ್ನುವಾಗ ಕೊನೆಯಲ್ಲಿ ಸಕಾರ ಕೇಳಿಸಬಾರದು. 1858ರಲ್ಲಿ ಲಿಂಕನ್ ಏಳು ಬಾರಿ ಬಹಿರಂಗ ವಾದ ನಡೆಸಿದ್ದು ಸ್ಟೀಫನ್ ಡಗ್ಲಸ್ ಎಂಬ ಬಿಳಿಯ ರಾಜಕಾರಣಿಯೊಡನೆ. ಕನ್ನಡದಲ್ಲಿ ಈ ಇಬ್ಬರು ಡಗ್ಲಸ್‌ಗಳಿಗೂ ಅಕ್ಷರ ಒಂದೇ, ಉಚ್ಚಾರವೂ ಒಂದೇ. ಹಾಗಾಗಿ ಪ್ರತಿ ಬಾರಿಯೂ ಪೂರ್ತಿ ಹೆಸರು ಹೇಳಿ. ಇಲ್ಲವಾದರೆ ಹಿಂದಿನ ಸಾಲಿನಲ್ಲಿ ಕುಳಿತವರಿಗೆ ವಾಲಿ ಯಾರು, ಸುಗ್ರೀವ ಯಾರು ಎಂದೇ ತಿಳಿಯದು.