ರೈಲಿಗೆ ಕಾಗದ ಇತ್ತು, ಸಾ ಮಿಲ್ಲಿಗೆ ಇರಲಿಲ್ಲ

ಸಾಗರ ಸೀಮೆಯ ನಮ್ಮೂರು ಬೆಳೆದದ್ದೇ ರೈಲು ಸ್ಟೇಷನ್ ಮತ್ತು ಮರ ಕೊಯ್ಯುವ ಸಾ ಮಿಲ್ಲಿನಿಂದ. ಊರಿನ ಚರಿತ್ರೆ ಬರೆಯಬೇಕು ಅಂತ ಕೂತಾಗ ರೈಲಿನ ಭಾಗ ಬೇಗ ಮುಗಿಯಿತು. ಬೀರೂರಿನಿಂದ ಶಿವಮೊಗ್ಗಕ್ಕೆ ಹಳಿ ಬಂದದ್ದು 1899ರಲ್ಲಿ. ಅದು ಹಂತಹಂತವಾಗಿ ಮುಂದುವರಿದು 1940ರಲ್ಲಿ ತಾಳಗುಪ್ಪ ಮುಟ್ಟಿತು. 1951ರಲ್ಲಿ ಮೈಸೂರು ರೈಲ್ವೆ ದಕ್ಷಿಣ ರೈಲ್ವೆಗೆ ಸೇರಿತು. ಇದೆಲ್ಲ ದಾಖಲೆಯಲ್ಲಿದೆ. ಆದರೆ ಮಿಲ್ಲಿನಲ್ಲಿ ದುಡಿದವರ ಬಗ್ಗೆ ಒಂದು ಸಾಲೂ ಸಿಗಲಿಲ್ಲ. ಹಾಗಾಗಿ ಮನೆಮನೆ ತಿರುಗಿದೆ.

ಮೊದಲು ಕೈಗೆ ಸಿಕ್ಕಿದ್ದು ಹಳಿಯ ಕೆಳಗೆ ಅಡ್ಡಲಾಗಿ ಹಾಸುವ ಮರದ ಹಲಗೆಗಳು, ಅಂದರೆ ಹಳೇ ಸ್ಲೀಪರ್‌ಗಳು. ಮಲೆನಾಡಿನ ರೈಲು ಊರುಗಳಲ್ಲಿ ಅವು ಎಲ್ಲಿ ಬೇಕಾದರೂ ಇರುತ್ತವೆ: ಕೊಟ್ಟಿಗೆಯ ತೊಲೆಯಾಗಿ, ಬೇಲಿಯ ಗೂಟವಾಗಿ, ಹಳ್ಳದ ಕಾಲುಸಂಕವಾಗಿ. ಒಂದು ಟೇಪ್ ಇದ್ದರೆ ಸಾಕು. ಹಳಿಗಳ ನಡುವೆ ಒಂದು ಮೀಟರ್ ಅಂತರ ಇರುವ ಮೀಟರ್ ಗೇಜಿನ ಸ್ಲೀಪರ್ ಸಾಮಾನ್ಯವಾಗಿ 6 ಅಡಿ ಉದ್ದ, 8 ಇಂಚು ಅಗಲ, ನಾಲ್ಕೂವರೆ ಇಂಚು ದಪ್ಪ. ಅದಕ್ಕಿಂತ ಅಗಲವಾದ ಬ್ರಾಡ್ ಗೇಜಿನದು 9 ಅಡಿ. ತುಂಡಾಗಿದ್ದರೆ ಮೊಳೆಯ ತೂತು ನೋಡಬೇಕು. ಎರಡೂ ಹಳಿಗಳ ಒಳಬದಿಯ ತೂತುಗಳ ನಡುವೆ ಒಂದು ಮೀಟರಿಗಿಂತ ತುಸು ಕಡಿಮೆ ಇರುತ್ತದೆ, ಏಕೆಂದರೆ ಹಳಿಯ ಪಾದ ಒಳಕ್ಕೂ ಸ್ವಲ್ಪ ಚಾಚಿಕೊಂಡಿರುತ್ತದೆ. ಹಳಿ ಕೂತ ಜಾಗದಲ್ಲಿ ಮರ ತಗ್ಗಾಗಿ ನುಣ್ಣಗಾಗಿರುತ್ತದೆ, ಬೆರಳಾಡಿಸಿದರೇ ಗೊತ್ತಾಗುತ್ತದೆ. ಅದು ಇಲ್ಲದೆ ಬರೀ ಅಳತೆ ಮಾತ್ರ ಸರಿ ಇದ್ದರೆ, ಅದು ಹಳಿಯ ಕೆಳಗೆ ಹೋಗದೇ ಉಳಿದ ಹಲಗೆ. ಅಂಥದ್ದು ಎರಡು ಮೂರು ಕೊಟ್ಟಿಗೆಗಳಲ್ಲಿ ಕಂಡಾಗ ನನಗೆ ತುಂಬಾ ಖುಷಿ ಆಯಿತು. ಮಿಲ್ಲಿನಲ್ಲಿ ಸ್ಲೀಪರ್ ಕೊಯ್ಯುತ್ತಿದ್ದರು ಅನ್ನುವ ಹಿರಿಯರ ಮಾತಿಗೆ ಅದು ಒಳ್ಳೆ ಆಧಾರ.

ಹಳಿಯ ತುಂಡಿನ ಹೊಟ್ಟೆ (ತಲೆಗೂ ಪಾದಕ್ಕೂ ನಡುವಿನ ಭಾಗ) ಮೇಲೆ ಕಾರ್ಖಾನೆಯ ಹೆಸರು, ಇಸವಿ ಉಬ್ಬಕ್ಷರದಲ್ಲಿ ಇರುತ್ತದೆ. ಆದರೆ ಅದು ಹಳಿ ತಯಾರಾದ ವರ್ಷ. ಬೇರೆ ಕಡೆ ಕಿತ್ತ ಹಳಿಯನ್ನು ತಂದು ಇಲ್ಲಿ ಹಾಕಿರಬಹುದು. ಅದನ್ನೇ ಊರಿಗೆ ರೈಲು ಬಂದ ವರ್ಷ ಅಂತ ಬರೆಯಬಾರದು.

ಜನರನ್ನು ಮಾತಾಡಿಸುವಾಗ ಇಸವಿ ಕೇಳೋದನ್ನು ಬಿಟ್ಟೆ. ಅದರ ಬದಲು ಎಲ್ಲರಿಗೂ ನೆನಪಿರುವ ಘಟನೆ ಹಿಡಿದೆ. "ಅಜ್ಜ, ಕಾಗೋಡು ಸತ್ಯಾಗ್ರಹದ ಹೊತ್ತಿಗೆ ನೀವು ಮಿಲ್ಲಲ್ಲಿ ಇದ್ರಾ?" ಅಂದರೆ, "ಆಗ ನಾನಿನ್ನೂ ದನ ಕಾಯ್ತಿದ್ದೆ ಮಾರಾಯ. ಲಿಂಗನಮಕ್ಕಿ ನೀರು ನಿಂತ ಮೇಲೆ ಸೇರಿದ್ದು" ಅಂತ ಥಟ್ಟನೆ ಹೇಳುತ್ತಾರೆ. ಸತ್ಯಾಗ್ರಹ 1951ರದ್ದು, ಅಣೆಕಟ್ಟು ಮುಗಿದದ್ದು 1964ರಲ್ಲಿ. ಅಂದರೆ ಅಜ್ಜ ಸೇರಿದ್ದು ಅರವತ್ತರ ದಶಕದ ಮಧ್ಯದಲ್ಲಿ. ಹೆಂಗಸರನ್ನು ಕೇಳಲೇಬೇಕು. ಬಟವಾಡೆ ಯಾವ ವಾರ, ಎಷ್ಟು ಕೈಗೆ ಬರ್ತಿತ್ತು, ಯಾರ ಕೈಬೆರಳು ಗರಗಸಕ್ಕೆ ಹೋಯಿತು, ಹೊಟ್ಟು ಯಾರ ಒಲೆಗೆ ಹೋಗ್ತಿತ್ತು, ಎಲ್ಲ ಅವರಿಗೆ ಗೊತ್ತು. ಗಂಡಸರು ಯಜಮಾನರ ಕಥೆ ಜಾಸ್ತಿ ಹೇಳುತ್ತಾರೆ.

ಮಿಲ್ಲು ಯಾಕೆ ನಿಂತಿತು ಅಂದರೆ ಊರಲ್ಲಿ ಒಬ್ಬೊಬ್ಬರದು ಒಂದೊಂದು ಕಾರಣ. ನಾನು ಯಾವುದನ್ನೂ ಅಳಿಸದೆ ಬರೆದುಕೊಂಡೆ, ಹೊರಗೆ ಆಗುತ್ತಿದ್ದದ್ದನ್ನು ಪಕ್ಕದಲ್ಲಿ ಇಟ್ಟೆ. ರೈಲ್ವೆ ಕಾಂಕ್ರೀಟ್ ಸ್ಲೀಪರ್‌ಗೆ ಹೊರಳಿತು. ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರಿನಲ್ಲಿ ಕೊಟ್ಟ ಆದೇಶದಿಂದ ಕಾಡಿನ ಮರ ಕಡಿಯೋದು ಬಿಗಿಯಾಯಿತು. ನಾಟಾ ಬರದಿದ್ದರೆ ಗರಗಸ ತಿರುಗೋದು ಹೇಗೆ?

ಪ್ರತಿ ವಸ್ತುವಿನ ಫೋಟೋವನ್ನು ಅದು ಇರುವ ಜಾಗದಲ್ಲೇ ತೆಗೆದು, ಯಾರ ಮನೆ, ಯಾವ ಗೋಡೆ, ಅಳತೆ ಎಷ್ಟು ಅಂತ ಅಲ್ಲೇ ಬರೆದಿಡುತ್ತೇನೆ. ಒಂದು ಪ್ರತಿ ಊರಿನ ಶಾಲೆಗೆ ಹೋಗುತ್ತದೆ. ಈಗ ಮರದ ಕೆಲಸಕ್ಕೆ ಅಂತ ಮಲಬಾರಿನಿಂದ ಬಂದು ಇಲ್ಲೇ ನೆಲೆನಿಂತ ಮನೆಗಳ ಹಿರಿಯರನ್ನು ಮಾತಾಡಿಸುತ್ತಿದ್ದೇನೆ. ದಿಮ್ಮಿಯನ್ನು ವ್ಯಾಗನ್ನಿಗೆ ಹತ್ತಿಸುವಾಗ ಹಾಡುತ್ತಿದ್ದ ಪದಗಳು ಅವರಲ್ಲಿ ಕೆಲವರಿಗೆ ಇನ್ನೂ ಬಾಯಿಗೆ ಬರುತ್ತವೆ.